ಭಾವನ ಸ್ಥಳ ಪರಿಶೀಲನೆ

ನಮ್ಮ ಭಾವನನ್ನು ಊಟಕ್ಕೆ ಕರೆಯುವ ಧೈರ್ಯ ಸಾಗರದಲ್ಲಿ ಯಾರಿಗೂ ಇಲ್ಲ! ಜಿಪುಣರೆಂದಲ್ಲ, ಜಗಳಗಂಟರೆಂದೂ ಅಲ್ಲ. ಎಲೆಯ ಮುಂದೆ ಕೂರುವ ಮೊದಲು ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತುತ್ತಾರೆ. ವೃತ್ತಿಯಿಂದ ವಕೀಲರು ನೋಡಿ. "ಸ್ಥಳ ಪರಿಶೀಲನೆ ಆಗ್ದೆ ನಾನು ಯಾವ್ದನ್ನೂ ನಂಬಲ್ಲ" ಎಂಬುದು ಅವರ ಸಮರ್ಥನೆ.

ಹೆಣ್ಣು ನೋಡಲು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಾಗಲೂ ಹಾಗೇ. ಅಕ್ಕ ಕಾಫಿ ಹಿಡಿದು ಬಂದರೆ ಗಂಡು ನಾಪತ್ತೆ! ಹುಡುಕಿದರೆ, ಹಿತ್ತಲಿನಲ್ಲಿ ನಿಂತು ಬಾವಿಗೆ ಇಣುಕುತ್ತಿದ್ದರು. "ಬೇಸಿಗೇಲೂ ನೀರಿರುತ್ತೆ ಅಂದಿದ್ರಲ್ಲ, ನೋಡೋಣ ಅಂತ." ಅಕ್ಕ ಇವತ್ತಿಗೂ "ಅವ್ರು ಒಪ್ಪಿದ್ದು ಬಾವೀನ, ನನ್ನಲ್ಲ" ಎನ್ನುತ್ತಾಳೆ.

ಇಂಥವರ ಕೈಗೆ ಈಚೆಗೆ ಒಂದು ಯೋಜನಾ ವರದಿ ಸಿಕ್ಕಿತು. ಹುಲಿಕಲ್ ಕಡೆಯ ಕಾಡಂಚಿನಲ್ಲಿ ದೊಡ್ಡ ಕಾಮಗಾರಿಯೊಂದು ಬರಲಿತ್ತು. ಆ ಜಾಗದಲ್ಲಿ 'ಜನವಸತಿ ಇಲ್ಲ' ಎನ್ನುತ್ತಿತ್ತು ವರದಿ. ಜನರೇ ಇಲ್ಲದ ಮೇಲೆ ಪರಿಹಾರ ಯಾರಿಗೆ, ಪುನರ್ವಸತಿ ಯಾರಿಗೆ? ಆದರೆ ಅಲ್ಲೊಂದು ಕೇರಿಯೇ ಇತ್ತು. ಹಿಂದೆ ಆಣೆಕಟ್ಟಿನ ನೀರಿಗೆ ಮನೆ ಬಿಟ್ಟು ಎದ್ದು ಬಂದವರು. ಹಕ್ಕುಪತ್ರ ಮಾತ್ರ ಇವತ್ತಿಗೂ ಕೈಸೇರಿಲ್ಲ. ಭಾವ ಅವರ ಪರವಾಗಿ ಹೊಸನಗರದ ಕೋರ್ಟಿನಲ್ಲಿ ದಾವೆ ಹಾಕಿದರು. ಕೇಳಿದ್ದೇನು ಹೇಳಿ? ಸ್ಥಳ ಪರಿಶೀಲನೆ! ಕೋರ್ಟು ಯುವ ವಕೀಲೆಯೊಬ್ಬರನ್ನು ಸ್ಥಳ ನೋಡಿ ವರದಿ ಕೊಡಲು ಕಮಿಷನರ್ ಆಗಿ ನೇಮಿಸಿತು.

ಕಾರು ನನ್ನದು, ಹಾಗಾಗಿ ನಾನೂ ಹೋದೆ. ಇಂಥ ದಿನ ಬರುತ್ತೇವೆಂದು ಭಾವ ಕೇರಿಗೆ ಹೇಳಿಕಳಿಸಿದ್ದರು. ಆದರೆ ಎದುರು ಪಕ್ಷದ ಜೀಪು ನಮಗಿಂತ ಮೊದಲೇ ತಲುಪಿತ್ತು. ಜೀಪು ಬಂದರೆ ಒತ್ತುವರಿ ಬಿಡಿಸಲಿಕ್ಕೇ ಎಂದು ಇಷ್ಟು ವರ್ಷ ಕಂಡಿದ್ದ ಜನ ಎದ್ದುಬಿದ್ದು ಕಾಡು ಸೇರಿದ್ದರು. ನಾವು ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ!

ಎದುರು ಪಕ್ಷದ ವಕೀಲರ ಮುಖ ಅರಳಿತು. "ಬರ್ಕೊಳ್ಳಿ ಮೇಡಂ, ಜನವಸತಿ ಇಲ್ಲ!"

ಭಾವ ಬಿಡುತ್ತಾರೆಯೇ? ಹತ್ತಿರದ ಮನೆಯ ಅಡುಗೆಮನೆಗೇ ನುಗ್ಗಿದರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮುಚ್ಚಳ ಎತ್ತಿ ಕೂಗಿದರು: "ಬನ್ನಿ ಸಾರ್, ಇಲ್ಲಿ ಅನ್ನ ಬೇಯ್ತಾ ಇದೆ. ಇದೇನು, ಮಂಗ ಬಂದು ಇಟ್ಟು ಹೋಯ್ತಾ?"

ಕಮಿಷನರ್ ಕೂಡ ನಕ್ಕುಬಿಟ್ಟರು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅಜ್ಜಿಯೊಬ್ಬರು ಒಳಗೆ ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು. ನಮ್ಮನ್ನು ನೋಡಿ ಜಗಳವಾಡಲಿಲ್ಲ, ಅಳಲೂ ಇಲ್ಲ.

"ಓಡೋಕ್ ಆಗಲ್ಲ ನಂಗೆ. ಗಂಟು ಕಟ್ಟಿದೀನಿ. ಈ ಸಲ ಎಲ್ಲಿಗೆ ಹೋಗ್ಬೇಕು, ಹೇಳಿ. ಅನ್ನ ಒಂದು ಆಗ್ಲಿ, ಹೋಗ್ತೀನಿ."

ಭಾವ ಅಜ್ಜಿಯ ಕೈಯಿಂದ ಗಂಟು ತೆಗೆದುಕೊಂಡು ಬಿಚ್ಚಿದರು. ಒಳಗಿದ್ದ ಸೀರೆಗಳನ್ನು ಒಂದೊಂದಾಗಿ ಮತ್ತೆ ಗಳುವಿನ ಮೇಲೆ ಹಾಕಿದರು.

"ಎಲ್ಲಿಗೂ ಇಲ್ಲಮ್ಮ. ನೀವು ಇಲ್ಲೇ ಇದ್ದೀರಿ ಅಂತ ಬರ್ಕೊಳ್ಳೋಕೆ ಬಂದಿದ್ದು. ಹೆಸರು ಹೇಳಿ."

ಅಜ್ಜಿ ತಮ್ಮ ಹೆಸರು ಹೇಳಲಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ, ಕಾಡಿನತ್ತ ತಿರುಗಿ, ಅಡಗಿದ್ದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯತೊಡಗಿದರು. ಕಮಿಷನರ್ ಪಕ್ಕದಲ್ಲೇ ನಿಂತು ಬರೆದುಕೊಳ್ಳುತ್ತಾ ಹೋದರು.