ಟಪಾಲಿನಲ್ಲಿ ಬಂದ ಹೆಂಚು

ಟಪಾಲು ಹಂಚುವವನ ಚಪ್ಪಲಿ ಸವೆಯುತ್ತದೆ, ಸೈಕಲ್ಲಿನ ಟೈರು ಸವೆಯುತ್ತದೆ, ನಗುವಂಥ ಪ್ರಸಂಗಗಳು ಮಾತ್ರ ಸವೆಯುವುದೇ ಇಲ್ಲ. ದಿನಾ ಒಂದಲ್ಲ ಒಂದು ಮನೆ ಬಾಗಿಲಲ್ಲಿ ನಮಗಾಗಿ ಕಾದು ಕೂತಿರುತ್ತವೆ. ನಾನು ಶಿಕಾರಿಪುರದಲ್ಲಿ ಪೋಸ್ಟ್‌ಮನ್ ಆಗಿದ್ದಾಗಿನ ಮಾತು ಇದು. ಹೊಸ ಪೈಸೆ ಆಗಷ್ಟೇ ಬಂದು, ಆಣೆ ಲೆಕ್ಕದಲ್ಲಿ ಬೆಳೆದವರ ತಲೆಯೆಲ್ಲ ಕೆಟ್ಟುಹೋಗಿದ್ದ ಕಾಲ. ಅಂಜನಾಪುರದ ಕಾಲುವೆ ಹಾದುಹೋಗುವ ಕೆಲವು ಹಳ್ಳಿಗಳು ನನ್ನ ಬಟವಾಡೆಗೆ ಬಂದಿದ್ದವು. ಅದರಲ್ಲಿ ಒಂದು ಊರಿನ ಒಂದು ಮನೆಯ ಕಥೆಯನ್ನಷ್ಟೇ ಇಲ್ಲಿ ಹೇಳುತ್ತೇನೆ. ಎಲ್ಲ ಮನೆಯದ್ದೂ ಹೇಳಿದರೆ ನನ್ನ ಪಿಂಚಣಿ ನಿಲ್ಲಿಸಿಯಾರು.

ಆ ಮನೆಯಲ್ಲಿ ಒಬ್ಬ ಅಜ್ಜಿ, ಅಜ್ಜಿಯ ಸೊಸೆ, ಒಂದು ಎಮ್ಮೆ, ಒಂದಿಷ್ಟು ಕೋಳಿ. ಅಜ್ಜಿಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಅವರಿವರ ಗದ್ದೆಯಲ್ಲಿ ಕೂಲಿ ಮಾಡಿ ಸಾಕಿದ ಒಬ್ಬನೇ ಮಗ ಮಿಲಿಟರಿ ಸೇರಿದ್ದ. ಅವನು ತಿಂಗಳು ತಿಂಗಳು ತಪ್ಪದೆ ಮನಿಯಾರ್ಡರ್ ಕಳಿಸುತ್ತಿದ್ದ. ನಾನು ಸೈಕಲ್ ನಿಲ್ಲಿಸುವ ಮೊದಲೇ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದು, "ನನ್ನ ಮಗ ಹೆಂಗದಾನೆ ತಮ್ಮಾ?" ಎಂದು ಕೇಳುತ್ತಿದ್ದಳು. ಅವನು ಇದ್ದದ್ದು ಎಲ್ಲೋ ಪಂಜಾಬಿನ ಕಡೆ. ನಾನು ಶಿವಮೊಗ್ಗ ದಾಟಿದವನಲ್ಲ. ಆದರೂ, "ಚೆನ್ನಾಗಿದಾನೆ ಅಜ್ಜೀ" ಅನ್ನುತ್ತಿದ್ದೆ. ಹಣ ಬಂದಿದೆ ಅಂದರೆ ಚೆನ್ನಾಗಿದ್ದಾನೆ ಅಂತಲೇ ಅರ್ಥ ತಾನೆ?

ಪೆನ್ನು ಹಿಡಿ, ಕೋಳಿ ಬಿಡು

ಹೆಬ್ಬೆಟ್ಟು ಒತ್ತುವವರಿಗೆ ಮನಿಯಾರ್ಡರ್ ಕೊಡಬೇಕಾದರೆ ಪಕ್ಕದಲ್ಲಿ ಸಹಿ ಬಲ್ಲ ಒಬ್ಬ ಸಾಕ್ಷಿ ಬೇಕು. ಆ ಕೇರಿಯಲ್ಲಿ ಸಹಿ ಬಲ್ಲವರೇ ಕಡಿಮೆ. ಪಕ್ಕದ ಮನೆಯವನು ಈ ಸಾಕ್ಷಿ ಹಾಕುವುದಕ್ಕೆಂದೇ ಕಷ್ಟಪಟ್ಟು ತನ್ನ ಹೆಸರು ಬರೆಯುವುದನ್ನು ಕಲಿತಿದ್ದ. ಬೇರೆ ಯಾರ ಹೆಸರೂ ಬರೆಯಲು ಬರುತ್ತಿರಲಿಲ್ಲ, ಓದಲೂ ಬರುತ್ತಿರಲಿಲ್ಲ. ಸಂತೆಯಲ್ಲಿ ಒಂದು ಪೆನ್ನು ಕೊಂಡು ಅಂಗಿ ಜೇಬಿಗೆ ಸಿಕ್ಕಿಸಿಕೊಂಡು, ನನ್ನ ಸೈಕಲ್ ಗಂಟೆ ಕೇಳಿದರೆ ಗದ್ದೆಯಲ್ಲಿದ್ದರೂ ಕೆಸರು ಕಾಲಲ್ಲೇ ಓಡಿಬರುತ್ತಿದ್ದ. ಸಹಿಯ ಕೊನೆಗೆ ಒಂದು ಸುರುಳಿ ಎಳೆದು, ಎಲ್ಲರ ಮುಖ ನೋಡಿ, ಅಜ್ಜಿ ಕೊಡುವ ಬೆಲ್ಲದ ಕಾಫಿ ಕುಡಿದು ಹೋಗುತ್ತಿದ್ದ.

ಒಂದು ತಿಂಗಳು ನಾನು ಹೋದಾಗ ಅವನು ಬೇಲಿಯ ಆಚೆಗೇ ನಿಂತಿದ್ದ. ಅಜ್ಜಿ ಅವನ ಕಡೆ ತಿರುಗಿಯೂ ನೋಡದೆ, "ಗೌಡ್ರ ಮನೆಯಿಂದ ಯಾರನ್ನಾದ್ರೂ ಕರಿ ತಮ್ಮಾ, ಸಾಕ್ಷಿಗೆ" ಅಂದಳು.

"ಯಾಕಜ್ಜಿ, ಇವನಿಗೇನಾಯ್ತು?"

"ನನ್ನ ಕೆಂಚು ಕೋಳಿ ಅವನ ಹಿತ್ತಲಿಗೆ ಹೋಗಿದ್ದು ವಾಪಸ್ ಬಂದಿಲ್ಲ. ಕೋಳಿ ಕದ್ದೋನ ಸಾಕ್ಷಿ ಸರ್ಕಾರ ಒಪ್ತೈತೇನು?"

ಬೇಲಿಯ ಆಚೆಯವನು ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಚಡಪಡಿಸಿದ. ಮುಚ್ಚಳ ತೆಗೆದ, ಮತ್ತೆ ಹಾಕಿದ. ಕೊನೆಗೆ ತಡೆಯಲಾರದೆ ಒಳಗೆ ಹೋಗಿ, ಬುಟ್ಟಿ ಎತ್ತಿ, ಕೆಂಚು ಕೋಳಿಯನ್ನು ಬೇಲಿಯ ಮೇಲಿಂದ ಈಚೆ ಹಾರಿಸಿದ. "ತಾನಾಗೇ ಬಂದು ಕೂತಿತ್ತಪ್ಪ" ಎನ್ನುತ್ತ ಬಂದು ಸಹಿ ಹಾಕಿದ. ಆ ದಿನ ಸುರುಳಿ ಯಾವತ್ತಿಗಿಂತ ದೊಡ್ಡದಾಗಿತ್ತು.

ಮೊದಲು ಜಗಲಿ

ಸೊಸೆ ಸೊರಬದ ಕಡೆಯವಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು, ಗಂಡು ಮಗುವಾಯಿತು. ಅಜ್ಜಿ ಹೋಗಿ ಮೊಮ್ಮಗನನ್ನು ನೋಡಿ ಬಂದವಳು ಸಪ್ಪಗಿದ್ದಳು. ಬೀಗರದು ಹೆಂಚಿನ ಮನೆ. ಅಜ್ಜಿಯದು ಹುಲ್ಲು ಹೊದಿಸಿದ್ದು, ಮಳೆ ಬಂದರೆ ಒಲೆಯ ಮೇಲೂ ಹಾಸಿಗೆಯ ಮೇಲೂ ಸೋರುತ್ತಿತ್ತು. "ಸೋರೋ ಮನೆಗೆ ಬಾಣಂತಿ, ಎಳೆಕೂಸು ಎರಡನ್ನೂ ಹ್ಯಾಗೆ ಕಳಸೋದು ಮಾರಾಯ್ತಿ? ಹೆಂಚು ಹೊದಿಸಿ, ಮರುದಿನವೇ ಕಳಸ್ತೀನಿ" ಎಂದು ಬೀಗ ನಗುನಗುತ್ತಲೇ ಹೇಳಿದ್ದ. ಅವನದೂ ತಪ್ಪಲ್ಲ.

ಅವತ್ತೇ ಅಜ್ಜಿ ಮನಸ್ಸಿನಲ್ಲಿ ಗಟ್ಟಿ ಮಾಡಿದಳು. ಮನಿಯಾರ್ಡರ್ ದುಡ್ಡು ಇನ್ನು ಹೆಂಚಿಗೆ. ಹೊಟ್ಟೆಗೆ ಕೂಲಿ ಇದೆ, ಎಮ್ಮೆಯ ಹಾಲಿದೆ. ಬರುವ ಮಳೆಗಾಲದೊಳಗೆ ಮೊಮ್ಮಗ ಮನೆಗೆ ಬರಬೇಕು. ಅವನಿಗಾಗಿ ಒಂದು ಕೆಂಪು ಕುಲಾವಿಯನ್ನೂ ಹೊಲಿಯಲು ಕೂತಳು.

ಮುಂದಿನ ತಿಂಗಳು ಹೋದಾಗ ನೋಡಿದರೆ, ಜಗಲಿಯ ಮಾಡಿಗೆ ಹೊಸ ರೀಪು ಬಡಿದು ಹೆಂಚು ಹೊದಿಸಿದ್ದಳು. ಜನ ಮಲಗುವ ಕೋಣೆಯ ಮೇಲೆ ಅದೇ ಹಳೆ ಹುಲ್ಲು.

"ಇದೇನಜ್ಜಿ, ಯಾರೂ ಮಲಗದ ಜಗಲಿಗೆ ಮೊದಲು ಹೆಂಚೇ?"

"ಒಳಗೆ ಹಾಕಿದ್ರೆ ಯಾರಿಗೆ ಕಾಣ್ತೈತೆ? ಸೊರಬಕ್ಕೆ ಹೋಗೋ ಗಾಡಿ ಎಲ್ಲಾ ಇದೇ ದಾರೀಲಿ ಹೋಗ್ತವೆ. ಹೆಂಚು ಹತ್ತೈತೆ ಅಂತ ಬೀಗರಿಗೆ ಸುದ್ದಿ ಮುಟ್ಟಲಿ."

"ಮತ್ತೆ ಮಳೆ ಬಂದರೆ?"

ಅಜ್ಜಿ ಉತ್ತರ ಕೊಡಬೇಕಾಗಲಿಲ್ಲ. ಹಿಂಗಾರಿನ ಮಳೆಯೊಂದು ಹೇಳದೆ ಕೇಳದೆ ಸುರಿಯಿತು. ಅಜ್ಜಿ ಒಳಗಿಂದ ಹಾಸಿಗೆ ತಂದಳು, ಕೋಳಿಗಳನ್ನು ತಂದಳು, ಎಮ್ಮೆಯನ್ನು ಬಿಚ್ಚಿ ತಂದು ಕಂಬಕ್ಕೆ ಕಟ್ಟಿದಳು. ನಾನು ಟಪಾಲು ಚೀಲವನ್ನು ಅಪ್ಪಿಕೊಂಡು ಎಮ್ಮೆಯ ಪಕ್ಕಕ್ಕೆ ನಿಂತೆ. ಎಮ್ಮೆ ನನ್ನ ಖಾಕಿ ಟೋಪಿಯನ್ನು ನೆಕ್ಕಲು ಶುರು ಮಾಡಿತು.

"ಹೆಂಗೈತೆ?" ಅಂದಳು ಅಜ್ಜಿ, ಬಹಳ ತೃಪ್ತಿಯಿಂದ. "ಒಳಗೆ ಹಾಕ್ಸಿದ್ರೆ ನಿನಗೆಲ್ಲಿ ಜಾಗ ಇತ್ತು?"

ಟಣ್ ಅನ್ನಬೇಕು

ಪೇಟೆಯಲ್ಲಿ ಹೆಂಚು ಮಾರುವ ಸಾಹುಕಾರರು ಮೊದಲು ಅಜ್ಜಿಯನ್ನು "ಏ ಮುದುಕಿ, ಅಲ್ಲೇ ನಿಲ್ಲು" ಅನ್ನುತ್ತಿದ್ದವರು. ತಿಂಗಳು ತಪ್ಪದೆ ರೊಕ್ಕ ಹಿಡಿದು ಬರುವುದನ್ನು ಕಂಡ ಮೇಲೆ "ಬರ್ರಿ ಅಮ್ಮಾ" ಆಯಿತು. ಆಮೇಲೆ ಕೂರಲು ಮಣೆ ಬಂತು. ಕೊನೆಗೆ ಸಾಹುಕಾರರೇ, "ಎಲ್ಲಾ ಹೆಂಚೂ ಈಗ್ಲೇ ಒಯ್ರಿ ಅಮ್ಮಾ. ರೊಕ್ಕ ನಿಧಾನಕ್ಕೆ ಕೊಡ್ರಿ, ನಾನು ಕಾಯ್ತೀನಿ" ಅಂದರು. ಹುಟ್ಟಿದಾಗಿನಿಂದ ಅಜ್ಜಿಗೆ ಯಾರೂ ಸಾಲ ಕೊಡುತ್ತೇನೆ ಅಂದಿರಲಿಲ್ಲ.

"ನನ್ನ ಮಗನ ಸಂಬಳಕ್ಕೆ ನೀವ್ಯಾಕ್ರೀ ಕಾಯ್ತೀರಿ? ನಾನೇ ಕಾಯ್ತೀನಿ" ಎಂದು ಅಜ್ಜಿ ಒಪ್ಪಲಿಲ್ಲ.

ಕೊಳ್ಳುವಾಗ ಅಜ್ಜಿ ಒಂದೊಂದೇ ಹೆಂಚನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಬಿರುಕಿದೆಯೇ ಎಂದು ಬೆರಳ ಗಿಣ್ಣಿನಿಂದ ಬಡಿಯುತ್ತಿದ್ದಳು. ಟಣ್ ಅಂದರೆ ಈ ಕಡೆ, ಡಬ್ ಅಂದರೆ ಆ ಕಡೆ. ನಡುವೆ ಯಾರಾದರೂ ಮಾತಾಡಿದರೆ ಅದೇ ಹೆಂಚನ್ನು ಮತ್ತೆ ಮೊದಲಿನಿಂದ ಬಡಿಯುವುದು. ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ಬೇರೆ ವ್ಯಾಪಾರವಿಲ್ಲ, ಮಾತಿಲ್ಲ. ಗಿರಾಕಿಗಳು ಬಂದು, ಪೂಜೆ ನಡೆಯುತ್ತಿದೆಯೇನೋ ಎಂದು ಚಪ್ಪಲಿ ಬಿಟ್ಟು ನಿಂತಿರುತ್ತಿದ್ದರು.

ಒಂದು ದಿನ ಸಾಹುಕಾರರು ದಾರಿಯಲ್ಲಿ ನನ್ನ ಸೈಕಲ್ ಹಿಡಿದು ನಿಲ್ಲಿಸಿ ಮೆಲ್ಲಗೆ ಹೇಳಿದರು: "ಆಯಮ್ಮನಿಗೆ ಮನಿಯಾರ್ಡರ್ ಕೊಟ್ಟ ದಿನ ನನಗೊಂದು ಮಾತು ತಿಳಿಸಪ್ಪ. ಮಾರನೇ ದಿನ ನಾನು ನನ್ನ ತಮ್ಮನ್ನ ಅಂಗಡೀಲಿ ಕೂರಿಸಿ ಊರಿಗೆ ಹೋಗ್ತೀನಿ."

ಒಂದೇ ದಿನ ಎರಡು ಊಟ

ಒಂದು ತಿಂಗಳು ಮನಿಯಾರ್ಡರ್ ಬರಲಿಲ್ಲ. ಅಜ್ಜಿ ಮಗನನ್ನು ಬೈಯಲಿಲ್ಲ, ಸರ್ಕಾರವನ್ನು ಬೈಯಲಿಲ್ಲ, ನನ್ನನ್ನು ಬೈದಳು. "ದಾರೀಲಿ ಕೂತು ಬೀಡಿ ಸೇದ್ತಾ ಇರ್ತೀಯ, ಅದಕ್ಕೇ ತಡ." ಬೈದು ಮುಗಿಸಿ ಮೂಲೆಯಲ್ಲಿ ಕೂತು ಕುಲಾವಿಯ ಹೊಲಿಗೆ ಬಿಚ್ಚತೊಡಗಿದಳು. ಮೊಮ್ಮಗ ಬರುವುದು ತಡವಾದಷ್ಟೂ ತಲೆ ದೊಡ್ಡದಾಗುತ್ತದೆ, ಕುಲಾವಿಯನ್ನೂ ದೊಡ್ಡದು ಮಾಡಬೇಕು. ಆ ಸಲ ನನಗೂ ನಗು ಬರಲಿಲ್ಲ.

ಮುಂದಿನ ತಿಂಗಳು ಎರಡು ಮನಿಯಾರ್ಡರ್ ಒಟ್ಟಿಗೆ ಬಂದವು. ಖುಷಿಯಿಂದ ಜೋರಾಗಿ ಸೈಕಲ್ ತುಳಿದುಕೊಂಡು ಹೋದೆ. ಅಜ್ಜಿ ಒಂದಕ್ಕೆ ಹೆಬ್ಬೆಟ್ಟು ಒತ್ತಿದಳು. ಎರಡನೆಯದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದನ್ನ ಮುಂದ್ಲ ತಿಂಗಳು ತಗೊಂಬಾ."

"ಇದೂ ನಿನ್ನದೇ ಅಜ್ಜಿ, ತಗೋ."

"ಒಂದ್ಸಲಕ್ಕೆ ಒಂದೇ. ಎರಡೂ ಇವತ್ತೇ ತಗೊಂಡ್ರೆ ಮುಂದ್ಲ ತಿಂಗಳು ನೀನು ಬರೋದಿಲ್ಲ. ನನಗೆ ಗೊತ್ತಿಲ್ವಾ?"

ಮನಿಯಾರ್ಡರನ್ನು ತಿಂಗಳುಗಟ್ಟಲೆ ಚೀಲದಲ್ಲಿಟ್ಟುಕೊಂಡರೆ ನನ್ನ ನೌಕರಿ ಹೋಗುತ್ತದೆ ಎಂದು ಕೈಮುಗಿದೆ. ಅಜ್ಜಿ ಯೋಚನೆ ಮಾಡಿ, "ಹಂಗಾದ್ರೆ ಈಗ ಹೋಗಿ, ಇನ್ನೊಂದ್ಸಲ ಬಾ" ಅಂದಳು.

ಏನು ಮಾಡುವುದು? ಅಜ್ಜಿ ಬಡಿಸಿದ ರೊಟ್ಟಿ, ಬದನೆಕಾಯಿ ಪಲ್ಯ ತಿಂದು ಹೊರಟೆ. ಕಾಲುವೆಯ ಏರಿಯವರೆಗೆ ಹೋಗಿ ಸೈಕಲ್ ತಿರುಗಿಸಿಕೊಂಡು ಬಂದು ಗಂಟೆ ಬಾರಿಸಿ, "ಅಜ್ಜೀ, ಮನಿಯಾರ್ಡರ್!" ಎಂದು ಕೂಗಿದೆ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದಳು. "ನನ್ನ ಮಗ ಹೆಂಗದಾನೆ ತಮ್ಮಾ?" ಪಕ್ಕದ ಮನೆಯವನೂ ಪೆನ್ನು ತೆಗೆದುಕೊಂಡು ಮತ್ತೆ ಬಂದ. ಹೆಬ್ಬೆಟ್ಟು ಆಯಿತು, ಸುರುಳಿ ಆಯಿತು. ಚೀಲ ಹೆಗಲಿಗೆ ಹಾಕಿದೆ.

"ಎತ್ಲಾಗೆ ಹೊಂಟೆ?" ಅಂದಳು ಅಜ್ಜಿ. "ಬಿಸಿಲಲ್ಲಿ ಬಂದೀಯ. ಕೂತು ಎರಡು ರೊಟ್ಟಿ ತಿಂದು ಹೋಗು."

ಎಮ್ಮೆಯ ಮೇವು

ಸಂಕ್ರಾಂತಿ ಕಳೆದ ಮೇಲೆ ಬೀಗ ಸೊರಬದಿಂದ ಬಂದ. ಹೆಂಚು ನೋಡುವುದಕ್ಕೇ ಬಂದವನು, ಹೇಳಿದ್ದು ಮಾತ್ರ ಯಾರದೋ ಮದುವೆಗೆ ಎಂದು. ಆ ದಿನವೇ ನಾನೂ ಹೋಗಿದ್ದೆ. ಅವನೇ ಸಾಕ್ಷಿ ಹಾಕಿದ. ಪಕ್ಕದ ಮನೆಯವನು ಬೇಸರಪಟ್ಟುಕೊಂಡು ಕಾಫಿ ಕುಡಿಯದೆ ಹೋದ.

ಅಜ್ಜಿ ಬೀಗನಿಗೆ ಹೆಂಚಿನ ಕೆಳಗೇ ಚಾಪೆ ಹಾಕಿದ್ದಳು. ಅವನು ಕುತ್ತಿಗೆ ಎತ್ತಿ ನೋಡಿ, "ಅಡ್ಡಿಲ್ಲ, ಚಲೋ ಹೆಂಚು" ಅಂದ. ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ ಬಂದ. ಆ ಹೊತ್ತಿಗೆ ಮಲಗುವ ಕೋಣೆಗೂ ಹೆಂಚು ಬಿದ್ದಿತ್ತು, ಅಡುಗೆಮನೆಯ ಮೇಲೆ ಇನ್ನೂ ಹುಲ್ಲೇ ಇತ್ತು.

"ಹಿಂದ್ಗಡೆ ಹುಲ್ಲು ಹಾಂಗೇ ಅದೆ ಅಲ್ದಾ?"

ಅಜ್ಜಿ ರೆಪ್ಪೆ ಬಡಿಯಲಿಲ್ಲ. "ಅದು ಮಾಡು ಅಲ್ರೀ ಬೀಗ್ರೆ. ಎಮ್ಮೆ ಮೇವು. ಒಣಗಲಿ ಅಂತ ಮೇಲಿಟ್ಟೀವಿ."

ಬೀಗ ಎಮ್ಮೆಯನ್ನು ನೋಡಿದ, ಹುಲ್ಲನ್ನು ನೋಡಿದ, ಗಂಭೀರವಾಗಿ ತಲೆಯಾಡಿಸಿದ. "ಹಾಂಗಾದ್ರೆ ಎಮ್ಮೆ ತಿಂದು ಮುಗಿಸ್ಲಿ. ಆಮೇಲೆ ಮಗಳನ್ನ ಕಳಸ್ತೀನಿ."

ಕಳಿಸಿದವನೇ ಬಂದಾಗ

ಬೇಸಿಗೆ ಮುಗಿಯುತ್ತ ಬಂದಿತ್ತು, ಮೋಡ ಕಟ್ಟತೊಡಗಿತ್ತು. ಅಡುಗೆಮನೆಯ ಮೇಲಿನ ಹೆಂಚು ಮಾತ್ರ ಬಾಕಿ. ಒಂದು ದಿನ ಬೆಳಿಗ್ಗೆ ಆಫೀಸಿನಲ್ಲಿ ಟಪಾಲು ಜೋಡಿಸುತ್ತಿದ್ದೆ. ಕಿಟಕಿಯಲ್ಲಿ ಕಟ್ಟುಮಸ್ತಾದ ಯುವಕನೊಬ್ಬ ಮನಿಯಾರ್ಡರ್ ಫಾರಂ ಹಿಡಿದು ನಿಂತಿದ್ದ. ಗುಮಾಸ್ತರು ಫಾರಂ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ನನ್ನನ್ನು ಕರೆದರು. ಕಳಿಸುವವನು ಅಜ್ಜಿಯ ಮಗ, ಪಡೆಯುವವಳು ಅಜ್ಜಿ.

"ರಜೆ ಮೇಲೆ ಬಂದೀಯೇನಪ್ಪ? ಮನೆಗೆ ಹೋಗಲಿಲ್ವಾ?"

"ಹೋಗಿದ್ದೆ ಕಣಣ್ಣ. ರಾತ್ರಿ ಅಲ್ಲೇ ಉಂಡು ಮಲಗಿದ್ದೆ" ಅಂದ ಮಿಲಿಟರಿಯವನು. "ಈ ತಿಂಗಳ ರೊಕ್ಕ ಅವ್ವನ ಕೈಗೇ ಕೊಡಾಕೆ ಹೋದೆ. ಮುಟ್ಟಲಿಲ್ಲ. 'ಕೈಯಾಗೆ ಕೊಟ್ಟಿದ್ದು ಸಂತೆಗೆ, ಟಪಾಲಿನಾಗೆ ಬಂದಿದ್ದು ಹೆಂಚಿಗೆ. ಹೆಂಚಿನ ರೊಕ್ಕ ಕೈಯಾಗೆ ತಗೊಂಡ್ರೆ ನಿಲ್ಲಲ್ಲ. ಹೋಗಿ ಟಪಾಲಿಗೆ ಹಾಕಿ ಬಾ' ಅಂತ ಕಳ್ಸಿದ್ಲು."

"ಹೇಳಿ ನೋಡಬೇಕಿತ್ತು."

"ಹೇಳಿದೆ. 'ನಿಮ್ಮಪ್ಪ ಬೆಳಿಗ್ಗೆ ಕೈಯಾಗೆ ಕೊಡ್ತಿದ್ದ, ಸಂಜಿಗೆ ವಾಪಸ್ ಕೇಳ್ತಿದ್ದ. ಟಪಾಲಿನ ರೊಕ್ಕ ಒಂದೇ ನೋಡು, ಯಾರೂ ವಾಪಸ್ ಕೇಳಿಲ್ಲ' ಅಂದ್ಲು. ಬೆಳಿಗ್ಗೆ ಎದ್ದು ಇಲ್ಲಿಗೆ ಬಂದೆ ಕಣಣ್ಣ."

ಗುಮಾಸ್ತರು ಕಮಿಷನ್ ತೆಗೆದುಕೊಂಡು ರಸೀದಿ ಹರಿದರು.

ಮರುದಿನ ಆ ಮನಿಯಾರ್ಡರ್ ನನ್ನ ಚೀಲಕ್ಕೆ ಬಂತು. ಮಗನೂ ಬಂದು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಊರು ದಾಟುವುದರೊಳಗೆ ನನ್ನ ಉಸಿರು ಮೇಲಾಯಿತು. "ಇಳಿಯಣ್ಣ, ನಾನು ತುಳೀತೀನಿ" ಅಂದ. ಹೀಗೆ ಹಣ ಕಳಿಸಿದವನು ಸೈಕಲ್ ತುಳಿಯುತ್ತಿದ್ದ, ಟಪಾಲಿನವನು ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದ. ದಾರಿಯವರೆಲ್ಲ ನಿಂತು ನೋಡಿದರು.

ಗಂಟೆ ಬಾರಿಸಿದ್ದೂ ಅವನೇ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದಳು. ಮಗನನ್ನು ದಾಟಿ ನೇರ ನನ್ನ ಹತ್ತಿರ ಬಂದು, ಅಭ್ಯಾಸಬಲದಿಂದ ಕೇಳಿಯೇಬಿಟ್ಟಳು: "ನನ್ನ ಮಗ ಹೆಂಗದಾನೆ ತಮ್ಮಾ?"

"ಚೆನ್ನಾಗಿದಾನೆ ಅಜ್ಜೀ. ಸ್ವಲ್ಪ ಬೆವತಿದಾನೆ ಅಷ್ಟೇ."

ಹೆಬ್ಬೆಟ್ಟು ಒತ್ತಿದಳು. ಪಕ್ಕದ ಮನೆಯವನು ಪೆನ್ನಿನ ಮುಚ್ಚಳ ತೆಗೆದು ಸಿದ್ಧನಾಗಿದ್ದ. ಅವನ ಮನಸ್ಸು ನೋಯಿಸಬಾರದೆಂದು, ಸಹಿ ಬಲ್ಲ ಮಗನೂ ಸಾಕ್ಷಿಯನ್ನು ಅವನಿಗೇ ಬಿಟ್ಟ. ನೋಟುಗಳನ್ನು ದೇವರ ಮುಂದಿಟ್ಟು ಕೈಮುಗಿದು, ಮಾರನೇ ದಿನ ಅಜ್ಜಿ ಮಗನನ್ನು ಕರೆದುಕೊಂಡು ಪೇಟೆಗೆ ಹೊರಟಳು. ಆ ದಿನ ಅಮ್ಮ, ಮಗ ಇಬ್ಬರೂ ಕೂತು ಹೆಂಚು ಬಡಿದರಂತೆ. ಸಾಹುಕಾರರಿಗೆ ಸುದ್ದಿ ಕೊಡುವುದು ನನಗೆ ನಿಜವಾಗಿಯೂ ಮರೆತುಹೋಗಿತ್ತು.

ಮೊದಲ ಮಳೆ ಬೀಳುವ ಮುಂಚೆ ಅಡುಗೆಮನೆಗೂ ಹೆಂಚು ಬಿತ್ತು, ಹುಲ್ಲನ್ನೆಲ್ಲ ಎಮ್ಮೆಯ ಮುಂದೆ ಹಾಕಿದ್ದಾಯಿತು. ಬೀಗ ಮಾತಿನಂತೆ ತಾನೇ ಗಾಡಿ ಹೊಡೆದುಕೊಂಡು ಮಗಳು, ಮೊಮ್ಮಗ ಇಬ್ಬರನ್ನೂ ತಂದುಬಿಟ್ಟ. ಕುಲಾವಿ ಅಷ್ಟು ಸಲ ಬಿಚ್ಚಿ ಹೊಲಿದಿದ್ದರಿಂದ ಮಗುವಿನ ಮೂಗಿನವರೆಗೂ ಇಳಿಯುತ್ತಿತ್ತು. ಅಜ್ಜಿ ಅದನ್ನು ಮೇಲೆ ಸರಿಸುತ್ತಲೇ ದಿನವೆಲ್ಲ ಕಳೆಯುತ್ತಿದ್ದಳು.

ರಜೆ ಮುಗಿದು ಮಗ ಹೊರಟ ದಿನ ನಾನೂ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಮಗ ಕಾಲಿಗೆ ಬಿದ್ದು ಎದ್ದ. ಅಜ್ಜಿ ಮೊಮ್ಮಗನನ್ನು ಸೊಂಟದಲ್ಲಿಟ್ಟುಕೊಂಡು, ಮಗನ ತೋಳು ಹಿಡಿದುಕೊಂಡೇ ನಿಂತಿದ್ದಳು. ಕಂಡಕ್ಟರು ಸೀಟಿ ಊದಿದರೂ ಬಿಡಲಿಲ್ಲ. ಕೊನೆಗೆ, ಬಹಳ ದಿನದಿಂದ ಯೋಚನೆ ಮಾಡಿದವಳಂತೆ ಹೇಳಿದಳು:

"ಅಷ್ಟು ದೂರ ಯಾಕೆ ಹೋಗ್ತೀಯಪ್ಪಾ? ಅಲ್ಲಿಂದ ಕಳ್ಸಿದ್ರೆ ಎಷ್ಟೊಂದು ದಿನ ಹಿಡೀತೈತೆ. ಇಲ್ಲಿಂದ ಕಳ್ಸಿದ್ದು ಮಾರನೇ ದಿನಾನೇ ಬಂತು. ಇನ್ಮೇಲೆ ಮನೇಲೇ ಇದ್ಕೊಂಡು ಕಳ್ಸು ಮಗಾ."