ಚುಕ್ಕೆಗಳ ಮೇಲೆ ಅಂಟಿಸಿದ ಚೀಟಿ

ಇಂದ:
ವಿಲುಜೆಂಗ್ ರಹಾಯು,
ಗುತ್ತಿಗೆ ನೌಕರಳು (ದೃಷ್ಟಿ ಇಲ್ಲ), ದೂರು ವಿಭಾಗ,
ನೀರು ಸರಬರಾಜು ಕಚೇರಿ, ಕಾಲಿವಾಂಗಿ, ಜಾವಾ.

ಗೆ:
ಅಧ್ಯಕ್ಷರು,
ಸ್ವತ್ತು ಪರಿಶೀಲನಾ ಸಮಿತಿ.

ವಿಷಯ: ಬ್ರೈಲ್ ಯಂತ್ರದ ಸ್ವತ್ತು ಚೀಟಿ ಕಳಚಿದ ಬಗ್ಗೆ ವಿವರಣೆ, ಹಾಗೂ ಯಂತ್ರವನ್ನು ಬೀರುವಿನಿಂದ ಬಿಡಿಸುವ ಬಗ್ಗೆ.

ಉಲ್ಲೇಖ: 1. ತಮ್ಮ ನೋಟಿಸು.
2. ವಿಭಾಗಾಧಿಕಾರಿಗಳ ಕುತ್ತಿಗೆ ನೋವಿನ ಕುರಿತ ಮೌಖಿಕ ಆದೇಶ.

ಮಾನ್ಯರೇ,

ಯಂತ್ರಕ್ಕೆ ಮೂರು ಕೋಟಿ ಇಪ್ಪತ್ತು ಲಕ್ಷ ರೂಪಿಯಾ. ಅದು ಬಂದ ಸಂತೋಷಕ್ಕೆ ಹಳದಿ ಅನ್ನದ ಗೋಪುರ ಮಾಡಿಸಿ ಹಂಚಿದ್ದಕ್ಕೆ ಹದಿನೆಂಟು ಲಕ್ಷ. ಅದರ ಹಿಂದೆ ಕಟ್ಟಿದ ಬ್ಯಾನರಿಗೆ ನಾಲ್ಕು ಲಕ್ಷ. ಅದರ ಮೇಲೆ ಅಂಟಿಸಿದ ಚೀಟಿಗೆ ಇನ್ನೂರು. ಇವುಗಳಲ್ಲಿ ಕಳಚಿಹೋಗಿರುವುದು ಚೀಟಿ ಮಾತ್ರ. ಆದ್ದರಿಂದ ವಿಚಾರಣೆಯೂ ಅದರದ್ದೇ ಎಂಬುದು ನ್ಯಾಯವಾಗಿದೆ.

1. ಕಂಪ್ಯೂಟರಿನಲ್ಲಿ ಬಂದ ದೂರನ್ನು ಈ ಯಂತ್ರ ಒಂದು ಪಟ್ಟಿಯ ಮೇಲೆ ಚುಕ್ಕೆಗಳಾಗಿ ಎಬ್ಬಿಸುತ್ತದೆ. ನಾನು ಬೆರಳಾಡಿಸಿ ಓದುತ್ತೇನೆ. ಉಗ್ರಾಣದ ಬು (ಅಮ್ಮ) ಕುಸ್ರಿನಿ ಅವರು ಚೀಟಿ ಅಂಟಿಸಿದ್ದು ಆ ಪಟ್ಟಿಯ ಮೇಲೆ.

"ಬು, ನಾನು ಓದೋದೇ ಅಲ್ಲಿ" ಎಂದೆ.

"ಎದುರಿಗೆ ಕಾಣೋ ಹಾಗೆ ಅಂಟಿಸ್ಬೇಕು ಅಂತ ನಿಯಮ ಇದೆ ಜೆಂಗ್. ಬೇರೆ ಕಡೆಯೆಲ್ಲ ಬರೀ ಗುಂಡಿ. ಇದೊಂದೇ ಖಾಲಿ ಜಾಗ. ಕಿತ್ತೀಯ ಮತ್ತೆ, ಸರ್ಕಾರಿ ಸ್ವತ್ತು ಹಾಳು ಮಾಡಿದ ಹಾಗಾಗುತ್ತೆ. ಅಷ್ಟಕ್ಕೂ ಚೀಟಿ ನಿನಗೆ ಕಾಣಲ್ಲವಲ್ಲ, ನಿನಗೇನು ತೊಂದ್ರೆ?"

ಚೀಟಿಯ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ.

2. ಆದ ಕಾರಣ, ನಲವತ್ತೇಳು ದಿನ ಯಂತ್ರ ಮೇಜಿನ ಮೇಲಿತ್ತು, ನಾನು ಅದರ ಪಕ್ಕದಲ್ಲಿದ್ದೆ. ಮೊದಲಿನಂತೆಯೇ ಬು ಕುಸ್ರಿನಿ ಅವರು ಬಿಡುವಾದಾಗ ದೂರುಗಳನ್ನು ಓದಿ ಹೇಳುತ್ತಿದ್ದರು. "ಇದು ಉದ್ದ ಇದೆ ಜೆಂಗ್, ಮತ್ತದೇ ಗೋಳು. ಮುಂದಿಂದು ನೋಡೋಣ" ಎಂದು ನನ್ನ ಶ್ರಮ ಉಳಿಸುತ್ತಿದ್ದರು.

3. ನಲವತ್ತೇಳನೆಯ ದಿನ ವಿಭಾಗಾಧಿಕಾರಿ ಪಾಕ್ (ಸಾಹೇಬ) ದರ್ಮಾಂತೊ ಅವರು ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತರು.

"ಕಣ್ಣಿಲ್ಲದವರ ಕೈಯಲ್ಲಿ ಮದ್ದಿರುತ್ತಂತೆ. ಹೇಗೂ ಸುಮ್ನೆ ಕೂತಿದ್ದೀಯ, ಕುತ್ತಿಗೆ ಸ್ವಲ್ಪ ಒತ್ತು."

"ನನಗೆ ಮಾಲೀಸು ಬರಲ್ಲ ಪಾಕ್. ನಾನು ಟೈಪಿಂಗ್ ಕಲಿತವಳು."

"ಹಾಗಾದ್ರೆ ಟೈಪ್ ಮಾಡಿದ ಹಾಗೇ ಒತ್ತು."

ತಮ್ಮ ಡ್ರಾಯರಿನಿಂದ ಕಾಯುಪುತಿ ಎಣ್ಣೆಯ ಸೀಸೆಯನ್ನೂ ಅವರೇ ಕೊಟ್ಟರು. ತಲೆನೋವಿಗೆ, ಹೊಟ್ಟೆಯುಬ್ಬರಕ್ಕೆ, ಸೊಳ್ಳೆ ಕಡಿತಕ್ಕೆ ಹಚ್ಚುವ ಆ ಎಣ್ಣೆ ಅಂಟನ್ನೂ ಬಿಡಿಸುತ್ತದೆ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಕುತ್ತಿಗೆ ಒತ್ತಿ ಮುಗಿಸಿ, ಕೈ ಒರೆಸಿಕೊಳ್ಳದೆ ಯಂತ್ರ ಮುಟ್ಟಿದೆ. ಚೀಟಿ ಜಾರಿತು. ಬೆರಳ ಕೆಳಗೆ ಚುಕ್ಕೆಗಳು ಎದ್ದವು.

ಪಾಕ್ ಅವರ ಕುತ್ತಿಗೆ ನೋವು ಹಾಗೇ ಇದೆಯೆಂದು ತಿಳಿದು ವಿಷಾದವಾಯಿತು.

4. ಹನ್ನೊಂದು ದಿನ ನಾನೊಬ್ಬಳೇ ಓದಿದೆ. ಉದ್ದದ ದೂರುಗಳನ್ನೂ ಓದಿದೆ. ನೂಡಲ್ಸ್ ಮಾರುವ ತುಕಿನೆಮ್ ಎಂಬ ಅಜ್ಜಿ, ಮನೆಗೆ ನೀರು ಬರುತ್ತಿಲ್ಲವೆಂದು ಆರು ಸಲ ಬರೆಸಿದ್ದರು. ಆರನೆಯದರ ಕೊನೆಗೆ, "ಇದನ್ನು ಯಾರಾದರೂ ಓದ್ತೀರಾ ಇಲ್ವಾ, ಅಷ್ಟಾದರೂ ಹೇಳಿ" ಎಂದಿತ್ತು. ಓದಿದೆ ಎಂದು ಉತ್ತರಿಸಿದೆ. ಮೂರನೆಯ ದಿನ ಪ್ಲಂಬರ್ ಹೋದ.

5. ಹನ್ನೆರಡನೆಯ ದಿನ ತಮ್ಮ ಸಮಿತಿ ಬಂತು. ಚೀಟಿ ಇಲ್ಲದ ವಸ್ತು ಕಚೇರಿಯದ್ದಲ್ಲ ಎಂಬುದು ನಿಯಮ. ಆದರೂ ಅದನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಜೂನ್ ಮೂವತ್ತಕ್ಕೆ ನನ್ನ ಗುತ್ತಿಗೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ತಿಂಗಳಿಗೆ ಮುನ್ನೂರು ದೂರು ವಿಲೇವಾರಿ ಆಗಿರಬೇಕೆಂಬುದೂ ನಿಯಮವೇ.

ಆದ್ದರಿಂದ, ಹೊಸ ಚೀಟಿಯನ್ನು ಯಂತ್ರದ ತಳಕ್ಕೆ ಅಂಟಿಸಿ, ಯಂತ್ರವನ್ನು ನನ್ನ ಮೇಜಿಗೆ ಕಳುಹಿಸಬೇಕಾಗಿ ಕೋರುತ್ತೇನೆ. ತಳ ನೋಡಲು ಸಮಿತಿಯವರು ಬಗ್ಗಬೇಕಾಗುವುದಾದರೆ, ನಾನೇ ಎತ್ತಿ ತೋರಿಸಲು ಸಿದ್ಧಳಿದ್ದೇನೆ.

ತಮ್ಮ ನಿಯಮಗಳಲ್ಲಿ ಇನ್ನೂ ವಿಶ್ವಾಸವಿಟ್ಟಿರುವ,
ವಿಲುಜೆಂಗ್ ರಹಾಯು

ಲಗತ್ತುಗಳು:
ಚೀಟಿ, ಎಣ್ಣೆ ಸಹಿತ (1).
ತುಕಿನೆಮ್ ಅವರ ದೂರುಗಳ ಪ್ರತಿ (6).

ವಿ.ಸೂ.: ತಮ್ಮ ಉತ್ತರ ಚಿಕ್ಕದಾಗಿರಲಿ. ಉದ್ದವಿದ್ದರೆ ಬು ಕುಸ್ರಿನಿ ಅವರು ಓದಿ ಹೇಳುವುದಿಲ್ಲ.

ಸಮಿತಿಯ ಗಮನಕ್ಕೆ: ಚೀಟಿ ಕಳಚಿದ ಮೇಲಿನ ಹನ್ನೊಂದು ದಿನಗಳಲ್ಲಿ ಇನ್ನೂರ ಹದಿನಾಲ್ಕು ದೂರು ಓದಿದೆ, ಅರವತ್ತಮೂರು ಮನೆಗೆ ನೀರು ಬಂತು. ಬೀಗ ಬಿದ್ದ ಮೇಲಿನ ಒಂಬತ್ತು ದಿನಗಳಲ್ಲಿ ಮೂವತ್ತೊಂದು ದೂರು, ನಾಲ್ಕು ಮನೆ.