ಹಿಂದಿನ ಎಡಗಡೆಯ ಸ್ಪೀಕರು

ಅಂದು ದಿಗಂಬರನ ಸ್ನಾನ ಎಂದಿನಂತೆ ಏಳು ನಿಮಿಷದಲ್ಲಿ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಖಂಡೇನವಮಿ, ಆಯುಧಪೂಜೆಯ ದಿನವೆಂದು ಹೆಂಡತಿ ಗೋದಾ ತಲೆಗೆ ಎಣ್ಣೆ ಒತ್ತಿದ್ದಳು. ಆ ಎಣ್ಣೆ ಹೋಗುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲೇ ಕೊರಿಯರಿನವನು ಬಂದು, ಮೂರು ತಿಂಗಳಿಂದ ದಿಗಂಬರ ದಾರಿ ಕಾಯುತ್ತಿದ್ದ ಪೆಟ್ಟಿಗೆಯನ್ನು ಗೋದಾಳ ಕೈಗೆ ಕೊಟ್ಟು ಹೊರಟುಹೋದ.

ಪೆಟ್ಟಿಗೆಯಲ್ಲಿದ್ದದ್ದು ಒಂದು ಹಳೆಯ ರಾಕ್ ಆಲ್ಬಂ. ಕಾಪರ್ ಹೆರಾನ್ ಎಂಬ ವಿಲಾಯತಿ ತಂಡ ಐವತ್ತು ವರ್ಷದ ಹಿಂದೆ ಮಾಡಿದ್ದು. ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಗ ದಿಗಂಬರ ಅದರ ಕ್ಯಾಸೆಟ್ಟನ್ನು ಟೇಪು ಸವೆಯುವತನಕ ಕೇಳಿದ್ದ. ಈಗ ಆಲ್ಬಮ್ಮಿಗೆ ಐವತ್ತು ತುಂಬಿದ ನೆಪದಲ್ಲಿ ಕಂಪನಿಯವರು ಅದರದೊಂದು ಭರ್ಜರಿ ಆವೃತ್ತಿ ತಂದಿದ್ದರು. ನಾಲ್ಕು ಡಿಸ್ಕು, ಪೋಸ್ಟರು, ಮಗುವಿನಷ್ಟು ಭಾರದ ಒಂದು ಚಿತ್ರದ ಪುಸ್ತಕ. ದಿಗಂಬರನಿಗೆ ಬೇಕಾಗಿದ್ದದ್ದು ನಾಲ್ಕನೆಯ ಡಿಸ್ಕು ಮಾತ್ರ. ಅದರಲ್ಲಿ ಅವೇ ಹಾಡುಗಳನ್ನು ಬಿಡಿಸಿ, ಸರೌಂಡ್ ಸೌಂಡಿಗೆ ಹೊಸದಾಗಿ ಹೊಂದಿಸಿದ್ದರು. ಎದುರು ಮೂರು, ಬೆನ್ನಿಗೆ ಎರಡು, ಹೀಗೆ ಐದು ಸ್ಪೀಕರುಗಳ ನಟ್ಟನಡುವೆ ಕೂತರೆ ತಂಡವೇ ಸುತ್ತ ನೆರೆದು ನುಡಿಸಿದಂತಾಗುತ್ತದಂತೆ. ಮೊದಲ ಹಾಡಿನ ಗಂಟೆಯಂತೂ ಹಿಂದಿನ ಎಡಗಡೆಯ ಸ್ಪೀಕರಿನಲ್ಲಿ ಶುರುವಾಗಿ ಇಡೀ ಕೋಣೆಯನ್ನು ಸುತ್ತು ಹಾಕುತ್ತದೆ ಎಂದು ಕೇಳಿದವರು ಇಂಟರ್ನೆಟ್ಟಿನಲ್ಲಿ ಬರೆದಿದ್ದರು. ಅದನ್ನು ಓದಿದಂದಿನಿಂದ ಅವನಿಗೆ ಹಿಂದಿನ ಎಡಗಡೆಯದೇ ಧ್ಯಾನ.

ತಲೆ ಒರೆಸಿಕೊಳ್ಳುತ್ತ ಹಾಲಿಗೆ ಬಂದವನು ಅಲ್ಲೇ ನಿಂತ. ಮೂಲೆಯ ಮಣೆಯ ಮೇಲೆ ಸರಸ್ವತಿಯ ಫೋಟೋ. ಅದರ ಮುಂದೆ ಮಗಳ ಹಳೆಯ ಪಠ್ಯಪುಸ್ತಕಗಳು, ಗೋದಾಳ ಅಡಿಗೆಯ ವಹಿ, ಎಲ್ಲಕ್ಕಿಂತ ಮೇಲೆ ಅವನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅರಿಷಿಣ, ಕುಂಕುಮ, ಅಕ್ಷತೆ. ಹಾಲಿನಲ್ಲಿ ಅವನು ಹೊಂದಿಸಿಟ್ಟಿದ್ದ ಐದೂ ಸ್ಪೀಕರುಗಳಿಗೆ ಒಂದೊಂದು ಕುಂಕುಮದ ಬೊಟ್ಟು, ಒಂದೊಂದು ಚೆಂಡುಹೂವಿನ ಮಾಲೆ.

"ಗೋದಾ, ಇದೇನ ಮಾಡೀದಿ?"

"ಪೂಜಾ ಮಾಡೇನ್ರಿ. ಹೊಸಾ ಪುಸ್ತಕ, ಅದೂ ಖಂಡೇನವಮಿ ದಿನಾನ ಮನೀಗೆ ಬಂದದ. ಎಂಥಾ ಯೋಗ ನೋಡ್ರಿ!"

"ಅದು ಪುಸ್ತಕ ಅಲ್ಲ. ಹಾಡಿನ ಡಿಸ್ಕ್ ಅವ ಅದರಾಗ."

"ಹಾಡಂದ್ರೂ ಸರಸ್ವತೀನ ಅಲ್ಲೇನು?"

ದಿಗಂಬರ ಮಣೆಯ ಹತ್ತಿರ ಬಂದ. "ಆತು, ಪೂಜಾ ಆತಲ್ಲ, ತಗೋತೀನಿ" ಎಂದು ಕೈ ಚಾಚಿದ.

"ಮುಟ್ಟಬ್ಯಾಡ್ರಿ! ಸರಸ್ವತೀನ ಮಲಗ್ಸೇನಿ. ನಾಳೆ ದಸಮಿ ಪೂಜಾ ಆದಮ್ಯಾಲ ತಗೀಬೇಕು. ಅಲ್ಲೀತನಾ ಪುಸ್ತಕ ಓದಂಗಿಲ್ಲ, ಮಷೀನ್ ನಡಸಂಗಿಲ್ಲ."

"ಮಿಕ್ಸರಿಗೂ ಕುಂಕುಮ ಹಚ್ಚೀದಿ. ಹಂಗಾರ ಚಟ್ನಿ ಹೆಂಗ ರುಬ್ಬಿದಿ?"

"ಪೂಜಾಕ್ಕಿಂತ ಮೊದಲ ರುಬ್ಬಿಟ್ಟೇನಿ."

ಗೋದಾಳೊಂದಿಗೆ ವಾದಿಸಿ ಗೆದ್ದವರು ಅವಳ ತವರಿನಲ್ಲೂ ಇರಲಿಲ್ಲ. ಆ ತವರೇ ಈಗಿನ ಸಂಕಟಕ್ಕೂ ಕಾರಣ. ಮರುದಿನ ಬೆಳಿಗ್ಗೆ ಬೆಳಗಾವಿಯ ಬಸ್ಸಿನಿಂದ ಅವಳ ತಂಗಿಯ ಸಂಸಾರ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವುದಿತ್ತು. ಒಟ್ಟು ಏಳು ಜನ, ಹದಿನೈದು ದಿನ. ಏಳು ಜನರ ಹಾಸಿಗೆ ಹಾಲಿನಲ್ಲೇ ಬೀಳಬೇಕು. ರಜೆ ಮುಗಿದರೆ ದಿಗಂಬರನಿಗೆ ಹಿಂಜವಾಡಿಯ ಆಫೀಸು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದವನು ಮನೆ ಕಾಣುವುದು ಊಟದ ಹೊತ್ತಿಗೆ. ಆಲ್ಬಮ್ಮಿನ ಉದ್ದ ಐವತ್ತೊಂದು ನಿಮಿಷ. ಆ ಐವತ್ತೊಂದು ನಿಮಿಷ ಇವತ್ತು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ದೀಪಾವಳಿ ಕಳೆಯಬೇಕು.

ಸಂಜೆ ಐದೂವರೆಗೆ ದೇವರು ಕಣ್ಣು ಬಿಟ್ಟ. ಗೋದಾ ರೇಷ್ಮೆ ಸೀರೆ ಉಟ್ಟು ಆಚೆ ಬಿಲ್ಡಿಂಗಿಗೆ ಅರಿಷಿಣ ಕುಂಕುಮಕ್ಕೆ ಹೊರಟಳು.

"ಏಳಕ್ಕ ಬರ್ತೀನಿ. ಪೆಟಿಗಿ ಮ್ಯಾಲಿಂದು ಒಂದ ಅಕ್ಷತಿ ಕಾಳೂ ಅಲ್ಲಾಡಿರಬಾರದು, ಹೇಳಿರ್ತೀನಿ."

ಅಕ್ಷತೆ ಅಲ್ಲಾಡಬಾರದೆಂದಳೇ ಹೊರತು ಡಿಸ್ಕು ಅಲ್ಲಾಡಬಾರದೆಂದು ಹೇಳಲಿಲ್ಲವಲ್ಲ! ದಿಗಂಬರ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದದ್ದು ಟೆಸ್ಟಿಂಗ್. ನಿಯಮದಲ್ಲಿ ಸಂದು ಎಲ್ಲಿದೆಯೆಂದು ಹುಡುಕುವುದಕ್ಕೇ ಅವನಿಗೆ ಸಂಬಳ. ಈ ಪೆಟ್ಟಿಗೆಯನ್ನು ಬಿಚ್ಚುವ ವಿಡಿಯೋವನ್ನು ಅವನು ಆಗಲೇ ಹನ್ನೊಂದು ಸಲ ನೋಡಿದ್ದ. ಡಿಸ್ಕುಗಳು ಕೆಳಗಿನ ಡ್ರಾವರಿನಲ್ಲಿರುತ್ತವೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸರಸ್ವತಿಗೆ ಕೈ ಮುಗಿದು, ಕೆನ್ನೆ ಬಡಿದುಕೊಂಡು, ಉಸಿರು ಹಿಡಿದು ಡ್ರಾವರು ಎಳೆದ. ಡಿಸ್ಕು ಕೈಗೆ ಬಂತು. ಮೇಲಿನ ಅಕ್ಷತೆ ಇದ್ದಲ್ಲೇ ಇತ್ತು.

ಒಂದು ಬಟ್ಟಲು ಮಸಾಲೆ ಶೇಂಗಾ ತಂದುಕೊಂಡ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ತಿಂಗಳ ಹಿಂದೆಯೇ ಗುರುತು ಹಾಕಿಟ್ಟ ಜಾಗಕ್ಕೆ ಕುರ್ಚಿ ಎಳೆದ. ಎಡಕ್ಕೆ ಎರಡು ಬೆರಳು ಸರಿಸಿ, ಮತ್ತೆ ಬಲಕ್ಕೆ ಒಂದು ಬೆರಳು ತಂದ. ಇಷ್ಟೆಲ್ಲ ಮಾಡಿದವನು ಬಾಗಿಲ ಅಗಳಿ ಹಾಕುವುದನ್ನು ಮರೆತ. ಡಿಸ್ಕು ಹಾಕಿ, ಸೌಂಡು ಏರಿಸಿ, ಕೂತು, ಕಣ್ಣು ಮುಚ್ಚಿದ.

ಠಣ್... ಠಣ್...

ಹಿಂದಿನಿಂದ, ಎಡಗಡೆಯಿಂದ! ಗಂಟೆ ಮೆಲ್ಲಗೆ ಕಿವಿಯ ಪಕ್ಕಕ್ಕೆ ಬಂತು, ಎದುರಿಗೆ ಹೋಯಿತು, ಬಲಕ್ಕೆ ಹೊರಳಿತು. ಅದರ ಬೆನ್ನಿಗೇ ಹಾರ್ಮೋನಿಯಂ ಪೇಟಿಯಂತೆ ಆರ್ಗನ್ನಿನ ಎಳೆ ಹೊರಟಿತು. ದಿಗಂಬರನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಕೇಳಿದ ಹಾಡಿನೊಳಗೆ ಇವತ್ತೇ ಮೊದಲ ಸಲ ಕಾಲಿಟ್ಟಂತಾಗಿ ಅವನಿಗೆ ನಿಜಕ್ಕೂ ಅಳು ಬರುವಂತಾಯಿತು.

ಎರಡನೆಯ ನಿಮಿಷಕ್ಕೆ ಹಿಂದಿನ ಬಲಗಡೆಯಿಂದ ಚಪ್ಪಾಳೆ ಕೇಳಿತು. ಓಹೋ, ಇದು ಕ್ಯಾಸೆಟ್ಟಿನಲ್ಲಿ ಕೇಳಿಸಿಯೇ ಇರಲಿಲ್ಲ! ಎಷ್ಟು ಸ್ಪಷ್ಟ! ಚಪ್ಪಾಳೆಯ ಜೊತೆ ಬಳೆಗಳ ಸದ್ದು ಕೂಡ. ಯಾರೋ ಗಂಟಲು ಸರಿಮಾಡಿಕೊಂಡದ್ದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮಿಕ್ಸ್ ಮಾಡಿದ ಪುಣ್ಯಾತ್ಮನಿಗೆ ದಿಗಂಬರ ಮನಸ್ಸಿನಲ್ಲೇ ಅಡ್ಡಬಿದ್ದ.

"ಮೋರಯಾ!" ಎಂದಿತು ಹಿಂದಿನ ಬಲಗಡೆ.

ದಿಗಂಬರ ಕಣ್ಣು ಬಿಟ್ಟು ಹೊರಳಿದ. ಸೊಸೈಟಿಯ ಸೆಕ್ರೆಟರಿ ಬಿಂದುಮಾಧವರಾಯರು ಚಪ್ಪಲಿ ಹೊರಗೆ ಬಿಟ್ಟು, ಕಣ್ಣು ಮುಚ್ಚಿ, ತಾಳ ಹಾಕುತ್ತ ನಿಂತಿದ್ದರು. ಪಕ್ಕದಲ್ಲಿ ಮೇಲಿನ ಮನೆಯ ಶಿವಕಾಂತಾ ಕಾಕು, ಎರಡೂ ಕೈ ತುಂಬ ಬಳೆ. ಅವರ ಹಿಂದೆ ಬಾಗಿಲಲ್ಲಿ ಇನ್ನೂ ಹತ್ತು ಜನ ಚಪ್ಪಲಿ ಬಿಡುತ್ತಿದ್ದರು. ನವರಾತ್ರಿಯ ಸಂಜೆ ಯಾರ ಮನೆಯಲ್ಲಿ ಗಂಟೆ ಕೇಳಿದರೂ ಆ ಮನೆಯ ಆರತಿಗೆ ಹೋಗುವುದು ಆ ಸೊಸೈಟಿಯ ರೂಢಿ.

ದಿಗಂಬರ ಬಂದ್ ಮಾಡಲು ರಿಮೋಟ್ ಎತ್ತಿದ. ರಾಯರು ಅವನ ಕೈ ಹಿಡಿದರು.

"ಬ್ಯಾಡ್ರಿ ದಿಗಂಬರರಾವ್! ನಡುವ ಆರತಿ ನಿಲ್ಲಸಬಾರದು!" ಅವರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂತು. ಕುಂಕುಮ ಹಚ್ಚಿ ಮಾಲೆ ಹಾಕಿದ ಐದು ಕರಿಯ ಮೂರ್ತಿಗಳು ಕಂಡವು. "ಐದು! ಪಂಚಾಯತನ ಪೂಜಾ! ವಾ! ಇಷ್ಟ ಶಾಸ್ತ್ರೋಕ್ತ ಮಾಡ್ತೀರಂತ ಗೊತ್ತ ಇರಲಿಲ್ಲ ನೋಡ್ರಿ."

ಅಷ್ಟರಲ್ಲಿ ಗಂಟೆ ಎರಡನೆಯ ಸುತ್ತಿಗೆ ಹೊರಟಿತು. ಶಿವಕಾಂತಾ ಕಾಕು ಕೈ ಮುಗಿದು ಅದರ ಕಡೆ ಹೊರಳಿದರು. ಗಂಟೆ ಮುಂದೆ ಹೋಯಿತು, ಕಾಕುವೂ ಮುಂದೆ ಹೋದರು.

"ಗಂಟಿ ಪ್ರದಕ್ಷಿಣಿ ಹಾಕಕತ್ತೈತಿ! ನಡೀರಿ, ನಾವೂ ಹಾಕಾಮು!"

ಜನ ನಡೆದರು. ಸುತ್ತಿನ ನಡುವೆ ಕುರ್ಚಿ ಅಡ್ಡವಾಯಿತೆಂದು ಯಾರೋ ಅದನ್ನು ಎತ್ತಿ ಗೋಡೆಗೆ ಆನಿಸಿದರು. ದಿಗಂಬರನನ್ನೂ ಮೆಲ್ಲಗೆ ಅಡಿಗೆಮನೆಯ ಬಾಗಿಲಿಗೆ ಸರಿಸಿದರು. ಐದು ಸ್ಪೀಕರಿನ ಸೌಂಡು ಒಂದಾಗುವ ಆ ಒಂದೇ ಒಂದು ಜಾಗದ ಸುತ್ತ ಹನ್ನೆರಡು ಜನ ಪ್ರದಕ್ಷಿಣೆ ಹಾಕುತ್ತಿದ್ದರು. ಅವನು ಶೇಂಗಾದ ಬಟ್ಟಲು ಹಿಡಿದು ನೋಡುತ್ತ ನಿಂತ.

ಮೂರನೆಯ ನಿಮಿಷಕ್ಕೆ ಡ್ರಮ್ಮು ಶುರುವಾಯಿತು. ಇನ್ನು ಇವರಿಗೆಲ್ಲ ಗೊತ್ತಾಗುತ್ತದೆ ಎಂದು ದಿಗಂಬರ ಕಣ್ಣು ಮುಚ್ಚಿಕೊಂಡ. ಅವರು ಚಪ್ಪಾಳೆಯನ್ನು ದುಗುಣಕ್ಕೆ ಏರಿಸಿದರು. ಹಾಡುಗಾರ ಕಿರುಚಿದ. ಶಿವಕಾಂತಾ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ ಕಳಕಳಿಯಿಂದ ಕರೀತಾನ ನೋಡ್ರಿ ದೇವರನ್ನ" ಅಂದರು.

ಹಾಡು ಮುಗಿದೊಡನೆ ದಿಗಂಬರ ಪ್ಲೇಯರು ಆರಿಸಿದ. ರಾಯರು ಬೆವರು ಒರೆಸಿಕೊಳ್ಳುತ್ತ ವಿಚಾರಣೆಗೆ ಇಳಿದರು.

"ಹಳೇ ಆರತಿ ಏನ್ರಿ ಇದು?"

"ಭಾಳ ಹಳೇದ್ರಿ. ಐವತ್ತ ವರ್ಷ ಆತು."

"ನಿಮಗ ಎಲ್ಲಿ ಸಿಕ್ತು?"

"ಧಾರವಾಡದಾಗ ಇದ್ದಾಗ ದಿನಾ ಕೇಳ್ತಿದ್ನಿರಿ."

"ದಿನಾ! ಹಾಡಾವ್ರು ಯಾರು?"

"ಉದ್ದ ಕೂದಲಾ ಬಿಟ್ಟ ನಾಕ ಮಂದಿರಿ. ಈಗ ಒಬ್ಬರ ಉಳದಾರ."

"ಸಾಧುಗಳು!" ಎಂದು ರಾಯರು ಎಲ್ಲರ ಕಡೆ ನೋಡಿ ತಲೆಯಾಡಿಸಿದರು. ದಿಗಂಬರ ಒಂದೂ ಸುಳ್ಳು ಹೇಳಿರಲಿಲ್ಲ. ಅಷ್ಟೂ ನಿಜ ಹೇಳಿ ಇಷ್ಟು ಆಳಕ್ಕೆ ಹೋಗಬಹುದೆಂದು ಅವನಿಗೆ ಅಂದೇ ಗೊತ್ತಾದದ್ದು. ಪ್ರಸಾದ ಎಲ್ಲಿ ಎಂದು ಯಾರೋ ಮರಾಠಿಯಲ್ಲಿ ಕೇಳಿದರು. ಮಸಾಲೆ ಶೇಂಗಾ ಹನ್ನೆರಡು ಅಂಗೈಗಳಲ್ಲಿ ಹಂಚಿಹೋಯಿತು.

"ಹಂಗಾರ ಒಂದ ಕೆಲಸ ಮಾಡೋಣು" ಎಂದರು ರಾಯರು. "ನಮ್ಮ ಗೇಟಿನ ಗಣಪತಿ ಗುಡ್ಯಾಗಿನ ಆರತಿ ಡಿಸ್ಕ್ ಕೆಟ್ಟ ಹೋಗಿ ತಿಂಗಳಾತು. ಇದನ್ನ ಕೊಡ್ರಿ. ನಾಳೆಯಿಂದ ದಿನಾ ಮುಂಜಾನಿ ಆರಕ್ಕ ಹಚ್ಚತೀವಿ."

ದಿಗಂಬರ ಪ್ಲೇಯರಿಗೆ ಅಡ್ಡ ನಿಂತ. "ನಿಮ್ಮ ಪ್ಲೇಯರಿನ್ಯಾಗ ನಡೀಲಿಕ್ಕಿಲ್ಲರಿ. ಇದಕ್ಕ ಐದ ಸ್ಪೀಕರ್ ಬೇಕು."

"ನಮ್ಮದು ಡಿವಿಡಿ ಪ್ಲೇಯರ್. ಎಲ್ಲಾ ನುಂಗತದ. ಐದರಾಗಿಂದು ಒಂದರಾಗ ಬರ್ತದ, ಅಷ್ಟ."

ಐದರೊಳಗಿನದು ಒಂದರಲ್ಲಿ! ಇನ್ನು ನಿಜ ಹೇಳಿಬಿಡಬೇಕೆಂದು ದಿಗಂಬರ ಬಾಯಿ ತೆರೆದ. ಇದು ಆರತಿಯಲ್ಲ, ಇವರು ಸಾಧುಗಳಲ್ಲ, ಈ ಕೂಗಿಗೂ ದೇವರಿಗೂ ಸಂಬಂಧವಿಲ್ಲ ಎಂದು ಹೇಳುವುದು ಎರಡು ಮಾತಿನ ಕೆಲಸ. ಆಗ, ಏಳಕ್ಕೆ ಬರಬೇಕಿದ್ದ ರೇಷ್ಮೆ ಸೀರೆ ಇನ್ನೂ ಹೊತ್ತಿರುವಾಗಲೇ ಬಾಗಿಲಲ್ಲಿ ಕಂಡಿತು.

ಗೋದಾ ಮೊದಲು ಜನರನ್ನು ನೋಡಿದಳು. ಪ್ಲೇಯರಿನ ಕೆಂಪು ದೀಪ ನೋಡಿದಳು. ಮಣೆಯ ಹತ್ತಿರ ಹೋಗಿ ಪೆಟ್ಟಿಗೆ ನೋಡಿದಳು. ಅಕ್ಷತೆಯ ಕಾಳು ಒಂದೂ ಅಲ್ಲಾಡಿರಲಿಲ್ಲ. ಕೆಳಗಿನ ಡ್ರಾವರು ಮಾತ್ರ ಬೆರಳಷ್ಟು ಹೊರಗಿತ್ತು. ಹಾಸ್ಟೆಲ್ಲಿನ ಆ ಕ್ಯಾಸೆಟ್ಟನ್ನು ಮದುವೆಯಾದ ಹೊಸದರಲ್ಲಿ ಆರು ತಿಂಗಳು ಕೇಳಿದವಳಿಗೆ, ರಾಯರು ಆರತಿಯ ವರ್ಣನೆ ಮಾಡಿದಾಗ ಏನು ಅರ್ಥವಾಗಬೇಕೋ ಅಷ್ಟೂ ಅರ್ಥವಾಯಿತು. ದಿಗಂಬರ ಅವಳ ಮುಖ ನೋಡಿದ. ಬೈಗುಳ ಬಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು, ಅವಳು ನಗುತ್ತಿದ್ದಳು.

"ಒಯ್ರಿ ಅಣ್ಣಾ, ಅವಶ್ಯ ಒಯ್ರಿ" ಎಂದಳು ಗೋದಾ. "ಸರಸ್ವತಿ ಮುಂದ ಇಟ್ಟದ್ದು. ನಮ್ಮ ಮನ್ಯಾವ್ರಂತೂ ದಸಮೀತನಾ ಮುಟ್ಟೂದಿಲ್ಲ. ಅದು ತಾನ ಎದ್ದ ಬಂದು ಹಾಡೇದ ಅಂದಮ್ಯಾಲ ದೇವರ ಇಚ್ಛಾನ ಇರಬೇಕು. ಹೌದಿಲ್ಲರಿ?"

ಕೊನೆಯ ಪ್ರಶ್ನೆ ದಿಗಂಬರನಿಗೆ. ಅಲ್ಲ ಎಂದರೆ ಕದ್ದದ್ದು ಒಪ್ಪಬೇಕು, ಹನ್ನೆರಡು ಜನರ ಭಕ್ತಿಯ ಮೇಲೆ ನೀರು ಸುರಿಯಬೇಕು, ಶಿವಕಾಂತಾ ಕಾಕುವಿನ ಕಣ್ಣೀರಿಗೆ ಉತ್ತರ ಕೊಡಬೇಕು.

"ಹೌದು" ಎಂದ ದಿಗಂಬರ.

ನಾಲ್ಕನೆಯ ಡಿಸ್ಕು ರಾಯರ ಕರವಸ್ತ್ರದಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿಯಿತು. ಉಳಿದ ನಲವತ್ತೈದು ನಿಮಿಷವೂ ಅದರೊಂದಿಗೆ ಹೋಯಿತು. ಹೋಗುವಾಗ ರಾಯರು ವಾಚ್‌ಮನ್ ಹುಲಿಗೆಪ್ಪನನ್ನು ಕರೆದು ಏನೋ ಹೇಳಿದ್ದು, ಅವನು ತಂತಿಯ ಸುರುಳಿ ಹೊತ್ತು ಏಣಿ ಹುಡುಕಿದ್ದು ಕಿಟಕಿಯಿಂದ ಕಂಡಿತು. ದಿಗಂಬರ ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಮರುದಿನ ಆರಕ್ಕೆ ಐದು ನಿಮಿಷವಿರುವಾಗಲೇ ಅವನಿಗೆ ಎಚ್ಚರವಾಯಿತು. ತಂಗಿಯ ಸಂಸಾರ ಇಳಿಯುವುದಕ್ಕೆ ಇನ್ನೂ ಒಂದು ತಾಸು ಇತ್ತು. ಸುಮ್ಮನೆ ಹಾಲಿಗೆ ಬಂದು, ಕುರ್ಚಿಯನ್ನು ಸುಣ್ಣದ ಗುರುತಿಗೆ ಎಳೆದು ಕೂತ. ಮಾಲೆ ಹಾಕಿಕೊಂಡ ಐದೂ ಸ್ಪೀಕರುಗಳು ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದವು.

ಠಣ್! ಠಣ್!

ದಿಗಂಬರ ಕುರ್ಚಿಯಿಂದ ಒಂದು ಗೇಣು ಹಾರಿದ. ಕಿಟಕಿಯ ಗಾಜು ನಡುಗಿತು. ದಾನಿಗಳ ಗೌರವಕ್ಕೆಂದು ರಾಯರು ಗುಡಿಯ ಹಾರ್ನ್ ಸ್ಪೀಕರನ್ನು ಹುಲಿಗೆಪ್ಪನ ಕೈಯಿಂದ ದಿಗಂಬರನ ಬಾಲ್ಕನಿಯ ಸರಳಿಗೇ ಕಟ್ಟಿಸಿದ್ದರು. ತಗಡಿನ ಬಾಯಿಯಿಂದ ಕಾಪರ್ ಹೆರಾನಿನ ಗಂಟೆ ಗರಗರ ಎನ್ನುತ್ತ, ಎಲ್ಲಿಯೂ ಸುತ್ತದೆ, ನಿಂತಲ್ಲೇ ನಿಂತು ಬಡಿಯುತ್ತಿತ್ತು. ಕೆಳಗೆ ಜನ ಚಪ್ಪಾಳೆ ಹಾಕತೊಡಗಿದರು. ಮೂರನೆಯ ನಿಮಿಷಕ್ಕೆ, ಡ್ರಮ್ಮು ಶುರುವಾಗುವ ಹೊತ್ತಿಗೆ ಸರಿಯಾಗಿ, ಆರತಿ ಇಷ್ಟು ಸಾಕೆಂದು ಹುಲಿಗೆಪ್ಪ ಬಂದ್ ಮಾಡಿದ.

ಗೋದಾ ಚಹಾ ತಂದು ಕೈಗೆ ಕೊಟ್ಟಳು. ಅಷ್ಟೆಲ್ಲ ಆದರೂ ಚಹಾ ಚೆನ್ನಾಗಿತ್ತು, ಹಬ್ಬದ ಬೆಳಗೂ ಚೆನ್ನಾಗಿತ್ತು. ದಿಗಂಬರ ಒಂದು ಗುಟುಕು ಕುಡಿದು ಕುರ್ಚಿಗೆ ಒರಗಿದ.

"ಛಂದ ಕೇಳಿಸ್ತು, ಹೌದಿಲ್ಲರಿ?" ಎಂದಳು ಗೋದಾ. "ಯಾವ ಕಡಿಂದ ಬಂತು?"

ದಿಗಂಬರ ಕೂತಲ್ಲಿಂದಲೇ ಕತ್ತು ಹೊರಳಿಸಿ ಬಾಲ್ಕನಿಯ ಕಡೆ ನೋಡಿದ.

"ಹಿಂದಿನ ಎಡಗಡಿಂದ" ಎಂದ.